ಹಳದಿ ಚೀಟಿ, ನೀಲಿ ಚೀಟಿ

ಬೆರಳ ತುದಿಯನ್ನು ಸ್ಪಿರಿಟ್ಟಿನಿಂದ ಒರೆಸಬೇಕು. ಸೂಜಿ ಚುಚ್ಚಿದ ಮೇಲೆ ಬರುವ ಮೊದಲ ತೊಟ್ಟು ರಕ್ತವನ್ನು ಹತ್ತಿಯಿಂದ ಒರೆಸಿ ಬಿಡಬೇಕು. ಎರಡನೆಯ ತೊಟ್ಟನ್ನು ಸಣ್ಣ ಕೊಳವೆಗೆ ಎಳೆದುಕೊಂಡು, ಆಮ್ಲ ಹಾಕಿಟ್ಟ ಗಾಜಿನ ನಳಿಕೆಗೆ ಬಿಡಬೇಕು. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಒಂದೊಂದೇ ಹನಿ ನೀರು ಹಾಕಿ ಕಲಸುತ್ತಾ, ಪಕ್ಕದಲ್ಲಿ ಕೂರಿಸಿರುವ ಕಂದು ಗಾಜಿನ ಬಣ್ಣಕ್ಕೆ ಹೊಂದುವ ತನಕ ತೆಳುವಾಗಿಸಬೇಕು. ತುಂಬಾ ನೀರು ಹಿಡಿದರೆ ರಕ್ತದಲ್ಲಿ ಸತ್ವ ಇದೆ ಎಂದರ್ಥ. ಬೇಗನೆ ಬಣ್ಣ ಹೊಂದಿಬಿಟ್ಟರೆ ಇಲ್ಲ ಎಂದರ್ಥ.

ನಾನು ಚುಚ್ಚುವವಳಲ್ಲ. ಚುಚ್ಚಿದ ಮೇಲೆ ಬಂದ ಅಂಕಿಗಳನ್ನು ಕೂಡಿ ಕಳೆಯುವವಳು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಹಾಸನದ ಸರ್ಕಾರಿ ಆರೋಗ್ಯ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಹುದ್ದೆಯ ಹೆಸರು ಕಂಪ್ಯೂಟರ್. ಈಗಿನವರಿಗೆ ಹೇಳಿದರೆ ನಗುತ್ತಾರೆ. ಆಗ ಅದು ಯಂತ್ರದ ಹೆಸರಲ್ಲ, ಲೆಕ್ಕ ಮಾಡುವ ಮನುಷ್ಯರ ಹೆಸರು. ಯಂತ್ರವೂ ಒಂದಿತ್ತು. ಹಿಡಿ ತಿರುಗಿಸಿದರೆ ಗರಗರ ಸದ್ದು ಮಾಡುತ್ತಾ ಗುಣಿಸುವ, ಹಿಂದಕ್ಕೆ ತಿರುಗಿಸಿದರೆ ಭಾಗಿಸುವ ಭಾರದ ಪೆಟ್ಟಿಗೆ. ಹತ್ತು ಗಂಟೆಗೆ ಅದರ ಮೇಲಿನ ಬಟ್ಟೆ ತೆಗೆಯುತ್ತಿದ್ದೆ, ಐದಕ್ಕೆ ಹೊದಿಸುತ್ತಿದ್ದೆ. ಯಾವ ಮೊತ್ತವನ್ನಾದರೂ ಎರಡು ಸಲ ಕೂಡುತ್ತಿದ್ದೆ, ಒಮ್ಮೆ ಮೇಲಿನಿಂದ ಕೆಳಕ್ಕೆ, ಒಮ್ಮೆ ಕೆಳಗಿನಿಂದ ಮೇಲಕ್ಕೆ. ಎರಡೂ ಒಂದೇ ಆದರೆ ಮಾತ್ರ ಪೆನ್ನಿನಲ್ಲಿ ಬರೆಯುವುದು. ಅಲ್ಲಿಯ ತನಕ ಪೆನ್ಸಿಲ್.

ಈ ಅಭ್ಯಾಸ ಮೈಸೂರಿನ ಹಾಸ್ಟೆಲಿನಿಂದ ಬಂದದ್ದು. ಏಳನೆಯ ವಯಸ್ಸಿನಿಂದ ನಾನು ಹಾಸ್ಟೆಲಿನ ಗಂಟೆಗೆ ಎದ್ದವಳು, ಗಂಟೆಗೆ ಉಂಡವಳು. ಅಮ್ಮ ಹೋದ ಮೇಲೆ ಅಪ್ಪನೇ ಅಲ್ಲಿಗೆ ಸೇರಿಸಿದ್ದು. ಅಮ್ಮ ಹೋದದ್ದು ಚನ್ನರಾಯಪಟ್ಟಣದ ಮನೆಯಲ್ಲಿ, ಎರಡನೆಯ ಹೆರಿಗೆಯಲ್ಲಿ. ನನ್ನನ್ನು ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿ, ಒಳಗೆ ಬರಬೇಡ ಎಂದಿದ್ದರು. ಸೂಲಗಿತ್ತಿ ಬಟ್ಟೆಗಳನ್ನು ಮುದ್ದೆ ಮಾಡಿಕೊಂಡು ಬಂದು ಬಾವಿಕಟ್ಟೆಯ ಹತ್ತಿರ ಹಾಕಿ ಹೋಗುತ್ತಿದ್ದಳು. ಬೇರೆ ಕೆಲಸವಿಲ್ಲದೆ ನಾನು ಅವನ್ನು ಎಣಿಸಿದೆ. ಹನ್ನೊಂದು. ಹನ್ನೊಂದಾದ ಮೇಲೆ ಅವಳು ಬರಲಿಲ್ಲ, ಒಳಗಿನಿಂದ ಅಜ್ಜಿಯ ಅಳು ಕೇಳಿಸಿತು. ಇಷ್ಟೇ ನನಗೆ ನೆನಪಿರುವುದು. ಅಮ್ಮನ ಮುಖ ನೆನಪಿಲ್ಲ.

ಇದನ್ನು ಯಾಕೆ ಮೊದಲೇ ಹೇಳಿದೆ ಎಂದರೆ, ಕಚೇರಿಗೆ ಬಸುರಿಯರ ಚೀಟಿಗಳು ಬರಲು ಶುರುವಾದ ವರ್ಷವೇ ನಾನೂ ಬಸುರಿಯಾದೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಗಂಡ ಹೈಸ್ಕೂಲಿನಲ್ಲಿ ಮೇಷ್ಟ್ರು. ಮನೆಯಲ್ಲಿ ನಾವಿಬ್ಬರೇ. ಎಲ್ಲರಿಗೂ ಸಂತೋಷ. ನನಗೆ ಹೆದರಿಕೆ. ಅದನ್ನು ಯಾರಿಗೂ ಹೇಳಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದು, ನೀರು ತುಂಬಿ, ಅಡುಗೆ ಮಾಡಿ, ಹತ್ತಕ್ಕೆ ಯಂತ್ರದ ಬಟ್ಟೆ ತೆಗೆಯುತ್ತಿದ್ದೆ. ಕೆಲಸ ಕ್ರಮವಾಗಿ ನಡೆದರೆ ಹೆದರಿಕೆ ಒಂದು ಮೂಲೆಯಲ್ಲಿ ಕೂತಿರುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು.

ಚೀಟಿಗಳನ್ನು ಶುರು ಮಾಡಿದವರು ನಮ್ಮ ಡಾಕ್ಟರಮ್ಮ. ಐವತ್ತು ದಾಟಿದ, ಮಾತು ಕಡಿಮೆಯ ಹೆಂಗಸು; ಆಸ್ಪತ್ರೆಯಲ್ಲಿ ಹೆರಿಗೆಗಳನ್ನೂ ನೋಡುತ್ತಿದ್ದವರು. ಹೆರಿಗೆಯಲ್ಲಿ ಸಾಯುವವರಲ್ಲಿ ಹೆಚ್ಚಿನವರು ಮೊದಲೇ ರಕ್ತವಿಲ್ಲದೆ ಬಿಳಿಚಿಕೊಂಡವರು ಎಂಬುದನ್ನು ಅವರು ಹಲವು ವರ್ಷಗಳಿಂದ ಕಣ್ಣಾರೆ ಕಂಡಿದ್ದರು. ಬಸುರಿಯರಿಗೆ ದಿನಕ್ಕೊಂದು ಕಬ್ಬಿಣದ ಮಾತ್ರೆ ಕೊಟ್ಟರೆ ರಕ್ತ ಏರುತ್ತದೆಯೇ ನೋಡೋಣ ಎಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ಕಡೆ ಒಂದಿಷ್ಟು ಊರುಗಳನ್ನು ಆರಿಸಿದರು. ಐದನೆಯ ತಿಂಗಳಲ್ಲಿ ಒಮ್ಮೆ ಬೆರಳು ಚುಚ್ಚಿ ಹಳದಿ ಚೀಟಿ ಬರೆಯುವುದು. ಮಾತ್ರೆ ಕೊಡುವುದು. ಎಂಟನೆಯ ತಿಂಗಳಲ್ಲಿ ಮತ್ತೆ ಚುಚ್ಚಿ ನೀಲಿ ಚೀಟಿ ಬರೆಯುವುದು. ಊರೂರಿನ ನರ್ಸಮ್ಮಂದಿರು ತಿಂಗಳ ಕೊನೆಗೆ ಹಳದಿಯದೊಂದು ಕಟ್ಟು, ನೀಲಿಯದೊಂದು ಕಟ್ಟು ಮಾಡಿ, ದಾರ ಸುತ್ತಿ ಕಳಿಸುತ್ತಿದ್ದರು. ನಾನು ಹಳದಿಯನ್ನು ಎಡಗಡೆಯ ಬೀರುವಿನಲ್ಲೂ ನೀಲಿಯನ್ನು ಬಲಗಡೆಯದರಲ್ಲೂ ಊರಿನ ಕ್ರಮದಲ್ಲಿ ಜೋಡಿಸಿಡುತ್ತಿದ್ದೆ. ಆ ಬೀರುಗಳನ್ನು ನೋಡಿ ಕಚೇರಿಯಲ್ಲಿ ಎಲ್ಲರೂ ನನ್ನನ್ನು ಹೊಗಳುತ್ತಿದ್ದರು.

ಐದನೆಯ ತಿಂಗಳಲ್ಲಿ ಡಾಕ್ಟರಮ್ಮ ನನ್ನ ಬೆರಳನ್ನೂ ಚುಚ್ಚಿದರು. ನನಗೂ ಒಂದು ಹಳದಿ ಚೀಟಿ ಆಯಿತು. ಅಂಕಿ ಪರವಾಗಿಲ್ಲ ಎಂದರು. ಮಾತ್ರೆಯ ಸೀಸೆ ಕೊಟ್ಟರು. ಊಟವಾದ ಮೇಲೆ ಒಂದು, ತಪ್ಪಿಸದೆ. ತಪ್ಪಿಸುವ ಪ್ರಶ್ನೆಯೇ ಇರಲಿಲ್ಲ.

ಆರನೆಯ ತಿಂಗಳಿಗೆ ಬಿದ್ದ ಮೇಲೆ, ಸಾಕಷ್ಟು ನೀಲಿ ಚೀಟಿಗಳು ಬಂದಿವೆ, ಒಮ್ಮೆ ಲೆಕ್ಕ ಹಾಕಿ ನೋಡು ಎಂದರು ಡಾಕ್ಟರಮ್ಮ. ಮೇಲಿನವರಿಗೆ ವರದಿ ಹೋಗಬೇಕಿತ್ತು. ವರದಿ ಚೆನ್ನಾಗಿದ್ದರೆ ಮಾತ್ರೆ ಜಿಲ್ಲೆಗೆಲ್ಲ.

ಎರಡು ಗುಂಪಿನ ಸರಾಸರಿಗಳಲ್ಲಿ ವ್ಯತ್ಯಾಸ ಕಂಡರೆ ಅದು ನಿಜವಾದದ್ದೋ, ಸುಮ್ಮನೆ ಕಾಕತಾಳೀಯವಾಗಿ ಬಂದದ್ದೋ ಎಂದು ತೂಗಿ ನೋಡಲು ಟಿ ಪರೀಕ್ಷೆ ಎಂಬ ಲೆಕ್ಕವಿದೆ. ನನ್ನ ಬಳಿಯಿದ್ದ ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿ ಅದು ಎರಡು ಬಗೆಯಲ್ಲಿತ್ತು. ಎಡಗಡೆಯ ಪುಟದಲ್ಲಿ, ಬೇರೆ ಬೇರೆ ಜನರ ಎರಡು ಗುಂಪುಗಳಿಗೆ. ಬಲಗಡೆಯ ಪುಟದಲ್ಲಿ, ಅದೇ ಜನರನ್ನು ಎರಡು ಸಲ ಅಳೆದಾಗ. ಎರಡನೆಯದಕ್ಕೆ ಪ್ರತಿಯೊಬ್ಬಳ ಹಳದಿ ಚೀಟಿಯನ್ನೂ ಅವಳದೇ ನೀಲಿ ಚೀಟಿಯ ಜೊತೆ ಇಡಬೇಕು. ಅಂದರೆ ಕಟ್ಟುಗಳ ದಾರ ಬಿಚ್ಚಿ, ಎರಡೂ ಬೀರುಗಳನ್ನು ಕಲಸಬೇಕು. ನನ್ನ ಬೀರುಗಳನ್ನು ಕಲಸಲು ನನಗೆ ಮನಸ್ಸಾಗಲಿಲ್ಲ. ಹಳದಿ ಒಂದು ಗುಂಪು, ನೀಲಿ ಒಂದು ಗುಂಪು, ಎರಡೂ ಅಚ್ಚುಕಟ್ಟಾಗಿ ಕಟ್ಟಿ ಇವೆ. ಎಡಗಡೆಯ ಪುಟದ ಲೆಕ್ಕ ಹಾಕಿದೆ.

ನೀಲಿಯ ಸರಾಸರಿ ಹಳದಿಗಿಂತ ಕೆಳಗಿತ್ತು.

ಮೇಲಿನಿಂದ ಕೂಡಿದೆ, ಕೆಳಗಿನಿಂದ ಕೂಡಿದೆ. ಅಂಕಿ ಕದಲಲಿಲ್ಲ. ಪುಸ್ತಕದ ಕೊನೆಯ ಕೋಷ್ಟಕ ತೆಗೆದು ನೋಡಿದೆ. ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಬರುವುದು ತೀರಾ ಅಪರೂಪ ಎಂದು ಕೋಷ್ಟಕ ಹೇಳಿತು. ಮಾತ್ರೆ ತಿಂದವರ ರಕ್ತ ಇಳಿದಿತ್ತು. ಬರೀ ಇಳಿದದ್ದಲ್ಲ, ಖಂಡಿತವಾಗಿ ಇಳಿದಿತ್ತು.

ಆಗ ಬೆಳಗಿನ ಹನ್ನೊಂದೂವರೆ. ಕಿಟಕಿಯಾಚೆ ಬಿಸಿಲು. ಹೊಟ್ಟೆಯೊಳಗೆ ಮಗು ಹೊರಳಿತು. ಮೂಲೆಯಲ್ಲಿ ಕೂತಿದ್ದ ಹೆದರಿಕೆ ಎದ್ದು ಬಂದು ನನ್ನ ಎದುರಿನ ಕುರ್ಚಿಯಲ್ಲೇ ಕೂತಂತಾಯಿತು. ಹಿಂದಿನ ದಿನ ಊಟದ ನಂತರವೂ ನಾನು ಆ ಮಾತ್ರೆ ನುಂಗಿದ್ದೆ.

ಆ ಮಧ್ಯಾಹ್ನದಿಂದ ನುಂಗಲಿಲ್ಲ. ದಿನಕ್ಕೊಂದು ಮಾತ್ರೆಯನ್ನು ಸೀಸೆಯಿಂದ ತೆಗೆದು, ಹಿತ್ತಲಿನ ನಿಂಬೆ ಗಿಡದ ಬುಡದಲ್ಲಿ ಬೆರಳಿನಿಂದ ಗುಳಿ ಮಾಡಿ ಮುಚ್ಚುತ್ತಿದ್ದೆ. ತೆಗೆಯುವುದರಲ್ಲಿ ತಪ್ಪಲಿಲ್ಲ, ಹೂಳುವುದರಲ್ಲೂ ತಪ್ಪಲಿಲ್ಲ. ಆ ಗಿಡ ಆ ವರ್ಷ ಚೆನ್ನಾಗಿ ಚಿಗುರಿತು.

ಗಂಡನಿಗೆ ಲೆಕ್ಕದ ವಿಷಯ ಮಾತ್ರ ಹೇಳಿದೆ. ಎಲ್ಲೋ ತಪ್ಪಾಗಿರಬಹುದೇ ಎಂದು ಕೇಳಿದೆ. ಅವರು ಸಮಾಧಾನವಾಗಲಿ ಎಂದೇ ಹೇಳಿರಬೇಕು: "ನಿನ್ನ ಲೆಕ್ಕ ತಪ್ಪಾಗಿದ್ದನ್ನ ನಾನು ಇದುವರೆಗೂ ನೋಡಿಲ್ಲ ಕಣೆ." ಅದಕ್ಕಿಂತ ಹೆದರಿಸುವ ಮಾತು ಬೇರೆ ಇರಲಿಲ್ಲ.

ಲೆಕ್ಕದ ಹಾಳೆಯನ್ನು ನಾಲ್ಕು ದಿನ ಮೇಜಿನ ಖಾನೆಯಲ್ಲಿಟ್ಟುಕೊಂಡಿದ್ದೆ. ಕೊಟ್ಟರೆ ಮಾತ್ರೆ ನಿಲ್ಲುತ್ತದೆ. ಕೊಡದಿದ್ದರೆ ನಾಲ್ಕು ತಾಲ್ಲೂಕಿನ ಬಸುರಿಯರು ಇಂದೂ ನುಂಗುತ್ತಾರೆ, ನಾಳೆಯೂ ನುಂಗುತ್ತಾರೆ. ನಾನೊಬ್ಬಳೇ ನುಂಗದವಳು. ಐದನೆಯ ದಿನ ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ.

ಅವರು ಕನ್ನಡಕ ಏರಿಸಿ ಓದಿದರು. ಬಸುರಿಯರ ರಕ್ತ ತಿಂಗಳು ತುಂಬುತ್ತಾ ಸ್ವಲ್ಪ ತೆಳುವಾಗುವುದು ಸಹಜ, ಆದರೆ ಇಷ್ಟೊಂದು ಇಳಿಯಬಾರದು ಎಂದರು. ಹಾಳೆಯನ್ನು ಮೊದಲಿನಿಂದ ಮತ್ತೊಮ್ಮೆ ಓದಿದರು. ಅವರೂ ಹೆದರಿದ್ದರು ಎಂದು ನನಗೆ ಈಗ ಗೊತ್ತು. ಆಗ ಅವರ ಮುಖ ಬರೀ ಗಂಟಿಕ್ಕಿದ ಹಾಗೆ ಕಂಡಿತು. ಕೊನೆಗೆ, ಇದನ್ನು ಎಲ್ಲಿಗೂ ಕಳಿಸಬೇಡ, ಊರುಗಳಿಗೆ ಹೋಗಿ ಅವರು ನಿಜವಾಗಿ ನುಂಗುತ್ತಿದ್ದಾರೋ ಇಲ್ಲವೋ ಕೇಳಿಕೊಂಡು ಬಾ ಎಂದರು. ಆಮೇಲೆ, ಎದ್ದು ಹೊರಡುತ್ತಿದ್ದವಳನ್ನು ನಿಲ್ಲಿಸಿದರು.

"ನೀನು ನುಂಗ್ತಿದ್ದೀಯ ತಾನೆ?"

"ಹೌದು ಮೇಡಂ," ಎಂದೆ.

ಜೀವನದಲ್ಲಿ ನಾನು ಹೇಳಿದ ಸುಳ್ಳುಗಳು ಬಹಳ ಇಲ್ಲ. ಅದೊಂದು ಇನ್ನೂ ಬಾಯಲ್ಲಿದೆ.

ಐದು ವಾರ ಊರೂರು ತಿರುಗಿದೆ, ವಾರಕ್ಕೆ ಎರಡು ದಿನ. ಮೊದಲು ಹಾಸನದ ಪಕ್ಕದ ಸಾಲಗಾಮೆಯ ಕಡೆ, ಆಮೇಲೆ ಅರಕಲಗೂಡು, ಚನ್ನರಾಯಪಟ್ಟಣ. ಬಸ್ಸಿನಲ್ಲಿ ಹೊಟ್ಟೆಗೆ ಚೀಲ ಅಡ್ಡ ಹಿಡಿದು ಕೂರುತ್ತಿದ್ದೆ. ಅರಕಲಗೂಡಿನ ಹತ್ತಿರದ ಒಂದು ಊರಿನಲ್ಲಿ ಒಬ್ಬಾಕೆ ಮಾತ್ರೆಗಳನ್ನೆಲ್ಲ ಎಮ್ಮೆಗೆ ತಿನ್ನಿಸಿದ್ದಳು. ಎಮ್ಮೆಗೇನಾದರೂ ಆಯಿತೇ ಎಂದು ನಾನು ತೀರಾ ಗಂಭೀರವಾಗಿ ಕೇಳಿದೆ. ಏನೂ ಆಗಿಲ್ಲ, ಸಗಣಿ ಮಾತ್ರ ಕಪ್ಪಗೆ ಎಂದಳು. ಚನ್ನರಾಯಪಟ್ಟಣದ ಕಡೆ ಒಬ್ಬ ಅಜ್ಜಿ, ಕಬ್ಬಿಣ ತಿಂದರೆ ಕೂಸು ಗುಂಡುಕಲ್ಲಿನಂತಾಗಿ ಇಳಿಯುವುದೇ ಇಲ್ಲ ಎಂದು ಸೊಸೆಯಿಂದ ಸೀಸೆ ಕಿತ್ತುಕೊಂಡಿದ್ದಳು. ಆದರೆ ಹೆಚ್ಚಿನವರು ನುಂಗುತ್ತಿದ್ದರು. ನರ್ಸಮ್ಮ ಹೇಳಿದ್ದಾಳೆ ಎಂದು ನುಂಗುತ್ತಿದ್ದರು. ಒಂದೊಂದು ಹೌದನ್ನು ಬರೆದುಕೊಳ್ಳುವಾಗಲೂ ನನ್ನ ಹೆದರಿಕೆ ಹೆಚ್ಚಾಗುತ್ತಿತ್ತು. ನುಂಗಿಲ್ಲ ಎಂದಿದ್ದರೆ ಇಳಿದದ್ದಕ್ಕೆ ಕಾರಣ ಸಿಗುತ್ತಿತ್ತು.

ಚನ್ನರಾಯಪಟ್ಟಣದಲ್ಲಿ ಅಮ್ಮ ಹೋದ ಮನೆಯ ಬೀದಿಯನ್ನು ಬಿಟ್ಟು, ಸುತ್ತು ಹಾಕಿ ಬಸ್ ನಿಲ್ದಾಣಕ್ಕೆ ನಡೆದೆ.

ಕೊನೆಗೆ ಉಳಿದದ್ದು ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನ ಕಡೆ. ನನಗೆ ಆಗ ಏಳು ತುಂಬುತ್ತಿತ್ತು. ಅಲ್ಲಿನ ನರ್ಸಮ್ಮ ನಗುಮುಖದ ಗಟ್ಟಿಗಿತ್ತಿ. ಬಿಸಿಲೇರುವ ಮುಂಚೆ ಮುಗಿಸೋಣ ಎಂದು ಮನೆಮನೆಗೂ ನಡೆಸಿದಳು. ಹಳದಿ ಚೀಟಿಯ ಪಟ್ಟಿ ಹಿಡಿದು ನಾನು ಒಂದೊಂದಾಗಿ ಓದುತ್ತಾ ಹೋದೆ. ನಮ್ಮ ಚೀಟಿಗಳಲ್ಲಿ ಹೆಂಗಸರ ಹೆಸರಿಗಿಂತ ಇಂಥವನ ಹೆಂಡತಿ, ಇಂಥವನ ಸೊಸೆ ಎಂದೇ ಹೆಚ್ಚು ಬರೆದಿರುತ್ತಿದ್ದರು. ಇಂಥವನ ಸೊಸೆ ಎಂದು ನಾನು ಓದಿದರೆ, ತವರಿಗೆ ಹೋದಳು ಎನ್ನುವಳು ನರ್ಸಮ್ಮ. ಮುಂದಿನವಳು? ಅವಳೂ ಚೊಚ್ಚಲು, ತವರಿಗೆ. ಅದರ ಮುಂದಿನವಳು? ಹೋದ ವಾರವಷ್ಟೇ ಅಪ್ಪ ಬಂದು ಗಾಡಿಯಲ್ಲಿ ಕರೆದುಕೊಂಡು ಹೋದ. ಹೋದವರಿಗೆಲ್ಲ ನಾನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಬಂದೆ. ಗುರುತುಗಳನ್ನು ನೋಡಲಿಲ್ಲ. ಹಾಕುವುದಷ್ಟೇ ನನ್ನ ಕೆಲಸ ಎಂಬಂತಿದ್ದೆ.

ಊರಿನ ಕೊನೆಯ ಮನೆಯಲ್ಲಿ, ಜಗಲಿಯ ಮೇಲೆ ಒಬ್ಬಾಕೆ ಹುರುಳಿ ಕೇರುತ್ತಾ ಕೂತಿದ್ದಳು. ನನ್ನಷ್ಟೇ ವಯಸ್ಸು, ಬಹುಶಃ ಒಂದೆರಡು ವರ್ಷ ಚಿಕ್ಕವಳು. ನಾಲ್ಕನೆಯ ಬಸುರು, ನನ್ನಂತೆಯೇ ಏಳು ತುಂಬುತ್ತಿತ್ತು. ಕಣ್ಣಿನ ಕೆಳರೆಪ್ಪೆ ಬೆಳ್ಳಗೆ, ಉಗುರು ಬೆಳ್ಳಗೆ. ಮೊರ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ಕೂತ್ಕೊ ಬಾರವ್ವ. ನೀನೂ ನನ್ನಂಗೇ ಇದ್ದೀಯಲ್ಲ. ಚೊಚ್ಚಲಾ?"

ಹೌದು ಎಂದೆ.

"ಚೊಚ್ಚಲು ಮಡಿಕಂಡು ಇಂಗೆ ಬಸ್ನಾಗೆ ಕುಲುಕ್ಕೊಂಡು ಅಲೀತೀಯಲ್ಲ. ತವ್ರಿಗೆ ಓಗ್ನಿಲ್ವಾ?"

"ತವರಲ್ಲಿ ಈಗ ಯಾರೂ ಇಲ್ಲ. ಅಮ್ಮ ಇಲ್ಲ, ಅಪ್ಪನೂ ಇಲ್ಲ."

ಅವಳು ಸ್ವಲ್ಪ ಹೊತ್ತು ಹುರುಳಿಯಲ್ಲಿ ಕಲ್ಲು ಆರಿಸಿದಳು. ಆಮೇಲೆ ಹೇಳಿದಳು: "ಅಂಗಾರೆ ನೀನು ನಮ್ ಗುಂಪು ಬುಡು. ಅವ್ವ ಇರೋರು, ಉಣ್ಣಕ್ ಇರೋರು ಎಲ್ಲಾ ಓದ್ರು. ನಾವು ಮೂರು ನಾಕು ಎತ್ತೋರು, ಕೇಳೋರಿಲ್ದೋರು, ಇಲ್ಲೇ ಉಳ್ಕಂಡಿವಿ, ಈ ನರ್ಸಮ್ಮನ ಸೂಜಿಗೆ."

ನರ್ಸಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಕೈಯಲ್ಲಿದ್ದ ಪಟ್ಟಿ ನೋಡಿದೆ. ಹೋದವರು ಯಾರು ಎಂದು ಮೊದಲ ಸಲ ನೋಡಿದೆ. ಚೊಚ್ಚಲಿನವರು, ಉಣ್ಣುವ ಮನೆಯವರು, ಕರೆದೊಯ್ಯಲು ಅಪ್ಪ ಅಮ್ಮ ಇದ್ದವರು. ಅವರ ಅಂಕಿಗಳು ಹಳದಿ ಚೀಟಿಯಲ್ಲಿ ಇದ್ದವು, ನೀಲಿಯಲ್ಲಿ ಇರಲಿಲ್ಲ. ತವರಿನ ಊರಿನ ನರ್ಸಮ್ಮನೂ ಅವರನ್ನು ಚುಚ್ಚುವಂತಿರಲಿಲ್ಲ. ಅಲ್ಲಿ ಅವರ ಹಳದಿ ಚೀಟಿ ಇಲ್ಲವಲ್ಲ. ನನ್ನ ಬಲಗಡೆಯ ಬೀರುವಿನಲ್ಲಿದ್ದದ್ದು ಬರೀ ಉಳಿದವರು. ಮೊದಲಿನಿಂದಲೂ ಬಿಳಿಚಿಕೊಂಡೇ ಇದ್ದವರು. ರಕ್ತವಿದ್ದವರು ಗುಂಪು ಬಿಟ್ಟು ಹೋದರೆ ಉಳಿದವರ ಸರಾಸರಿ ಇಳಿಯಲೇಬೇಕು.

ಇದನ್ನು ಬೇರೆ ಯಾವ ಸೀಮೆಯ ಕಂಪ್ಯೂಟರ್ ಕಾಣದಿದ್ದರೂ ನಾನು ಕಾಣಬೇಕಿತ್ತು. ಚೊಚ್ಚಲು ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ ಎಂಬುದನ್ನು ನನಗೆ ಯಾರಾದರೂ ಹೇಳಿಕೊಡಬೇಕಿತ್ತೇ? ಐದನೆಯ ತಿಂಗಳಿನಿಂದ ನಾನು ದಿನವೂ ಕೊರಗುತ್ತಿದ್ದದ್ದು ಅದಕ್ಕೇ. ಆದರೆ ಅದು ಮನೆಯ ಕೊರಗು. ಕಚೇರಿಯಲ್ಲಿ ಯಂತ್ರದ ಬಟ್ಟೆ ತೆಗೆದ ಮೇಲೆ ಅದನ್ನು ಒಳಕ್ಕೆ ಬಿಡುತ್ತಿರಲಿಲ್ಲ.

ಹೊರಡುವಾಗ ಅವಳು ಸೆರಗಿನ ಗಂಟು ಬಿಚ್ಚಿ ಏಳೆಂಟು ಮಾತ್ರೆ ತೋರಿಸಿದಳು. ವಾರದಿಂದ ನುಂಗಿರಲಿಲ್ಲವಂತೆ. ಹೊಟ್ಟೆ ಕಟ್ಟುತ್ತದೆ, ಅತ್ತೆಯೂ ಬೇಡ ಅನ್ನುತ್ತಾಳೆ.

"ನೀನು ನುಂಗ್ತೀಯಾ?" ಎಂದು ನೇರವಾಗಿ ಕೇಳಿದಳು.

"ನುಂಗ್ತೀನಿ," ಎಂದೆ. ಎರಡನೆಯ ಸಲ.

"ನೀನು ಓದ್ದೋಳು ನುಂಗ್ತೀಯಾ ಅಂದ್ರೆ ನಾನೂ ನುಂಗ್ತೀನಿ ತಕ್ಕಳವ್ವ."

ಹೊಳೆನರಸೀಪುರದಿಂದ ಹಾಸನಕ್ಕೆ ರೈಲಿನಲ್ಲಿ ಬಂದೆ. ಕಿಟಕಿಯ ಕಂಬಿ ಹಿಡಿದುಕೊಂಡು ತಿಂಗಳನ್ನು ಲೆಕ್ಕ ಹಾಕಿದೆ. ಮಾತ್ರೆ ಹೂಳಲು ಶುರು ಮಾಡಿ ಐದು ವಾರದ ಮೇಲಾಗಿತ್ತು. ಹೊಸ ಹೆದರಿಕೆ ಒಂದು ಹುಟ್ಟಿತು. ಹಳೆಯದು ಮಾತ್ರೆ ನುಂಗಿದ್ದಕ್ಕೆ. ಇದು ನುಂಗದಿದ್ದಕ್ಕೆ.

ಮಾರನೆಯ ಬೆಳಗ್ಗೆ ಕಚೇರಿಯ ನೆಲದ ಮೇಲೆ ಚಾಪೆ ಹಾಸಿ ಎಲ್ಲ ಕಟ್ಟುಗಳ ದಾರ ಬಿಚ್ಚಿದೆ. ಊರು ನೋಡಿ, ಗಂಡನ ಹೆಸರು ನೋಡಿ, ಒಂದೊಂದು ನೀಲಿ ಚೀಟಿಗೂ ಅದರದೇ ಹಳದಿ ಚೀಟಿ ಹುಡುಕಿ ಜೋಡಿಸಿದೆ. ಎರಡೂವರೆ ದಿನ ಹಿಡಿಯಿತು. ಜೋಡಿಯಿಲ್ಲದೆ ಉಳಿದ ಹಳದಿ ಚೀಟಿಗಳು ಒಂದು ದೊಡ್ಡ ಗುಡ್ಡೆ. ತವರಿಗೆ ಹೋದವರ ಗುಡ್ಡೆ. ಜೋಡಿಯಾದವರಲ್ಲಿ ಪ್ರತಿಯೊಬ್ಬಳ ನೀಲಿಯಿಂದ ಹಳದಿಯನ್ನು ಕಳೆದೆ. ಕೆಲವು ಕಡೆ ಇಳಿದಿತ್ತು. ಬಹಳ ಕಡೆ ಏರಿತ್ತು. ಪುಸ್ತಕದ ಬಲಗಡೆಯ ಪುಟದಂತೆ ಆ ವ್ಯತ್ಯಾಸಗಳ ಮೇಲೆ ಪರೀಕ್ಷೆ ಮಾಡಿದೆ. ಸಣ್ಣ ಏರಿಕೆ. ಸಣ್ಣದೇ, ಆದರೆ ಆಕಸ್ಮಿಕ ಎನ್ನಲಾಗದ್ದು. ಮೇಲಿನಿಂದ ಕೂಡಿದೆ. ಕೆಳಗಿನಿಂದ ಕೂಡಿದೆ. ಎರಡು ಸಲವೂ ಸರಿ ಬಂದಾಗ ನನಗೆ ನಂಬಿಕೆಯಾಗಲಿಲ್ಲ. ಮೊದಲ ಲೆಕ್ಕವೂ ಎರಡು ಸಲ ಸರಿ ಬಂದಿತ್ತು.

ಎರಡು ಹಾಳೆಗಳನ್ನೂ ಡಾಕ್ಟರಮ್ಮನ ಮುಂದಿಟ್ಟು ತಪ್ಪು ಎಲ್ಲಾಯಿತು ಎಂದು ಹೇಳಿದೆ. ಅವರು ಬೈಯಲಿಲ್ಲ. ತವರು, ತವರು ಎಂದು ಎರಡು ಸಲ ತಮ್ಮಷ್ಟಕ್ಕೆ ಅಂದುಕೊಂಡರು. ಈ ಏರಿಕೆ ಮಾತ್ರೆಯಿಂದಲೇ ಬಂತು ಎಂದು ಬರೆಯಬೇಡ, ಮಾತ್ರೆಯಿಲ್ಲದವರನ್ನು ನಾವು ಅಳೆದಿಲ್ಲ, ಮಾತ್ರೆ ಇಳಿಸಿತು ಎನ್ನಲು ಆಧಾರವಿಲ್ಲ ಎಂದಷ್ಟೇ ಬರೆ ಎಂದರು. ಹೋದವರ ಬಗ್ಗೆ ನಮಗೆ ಏನೂ ತಿಳಿಯದು ಎಂದು ಬೇರೆ ವಾಕ್ಯದಲ್ಲಿ ಬರೆ ಎಂದರು. ಆಮೇಲೆ ನನ್ನ ಮುಖ ನೋಡಿ, ಇಷ್ಟು ಸಂತೋಷದ ಸುದ್ದಿ ತಂದವಳು ಯಾಕೆ ಹೀಗೆ ನಿಂತಿದ್ದೀಯ ಎಂದು ಕೇಳಿದರು.

ನಿಂಬೆ ಗಿಡದ ವಿಷಯ ಹೇಳಿದೆ. ಹೌದು ಮೇಡಂ ಎಂದದ್ದು ಸುಳ್ಳು ಎಂದೂ ಹೇಳಿದೆ.

ಅವರು ಸ್ಪಿರಿಟ್ಟು, ಸೂಜಿ ತೆಗೆದರು. ಮೊದಲ ತೊಟ್ಟು ಒರೆಸಿದರು. ಎರಡನೆಯದನ್ನು ಎಳೆದುಕೊಂಡರು. ನೀರಿನ ಹನಿಗಳು ಬೀಳತೊಡಗಿದವು. ಹೆಚ್ಚು ಹನಿ ಬೀಳಲಿ, ಇನ್ನೂ ಬೀಳಲಿ ಎಂದು ಎಣಿಸುತ್ತಾ ನಿಂತಿದ್ದೆ. ಐದನೆಯ ತಿಂಗಳಲ್ಲಿ ಹಿಡಿದಷ್ಟು ನೀರು ಹಿಡಿಯಲಿಲ್ಲ. ಬಹಳ ಮುಂಚೆಯೇ ಅವರ ಕೈ ನಿಂತಿತು. ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿದರು. ಅವರು ಎರಡು ಸಲ ನೋಡಿದ್ದನ್ನು ನಾನು ನೋಡಿದೆ.

ಅದು ನನ್ನ ನೀಲಿ ಚೀಟಿಯಾಯಿತು. ನನ್ನದನ್ನು ತೆಗೆದುಬಿಡಿ ಮೇಡಂ, ನಾನು ನುಂಗಿಲ್ಲವಲ್ಲ, ಲೆಕ್ಕ ಕೆಡುತ್ತದೆ ಎಂದೆ.

"ತೆಗೆಯೋದಿಲ್ಲ," ಎಂದರು. "ಎಮ್ಮೆಗೆ ತಿನ್ನಿಸಿದವಳದು ಲೆಕ್ಕದಲ್ಲಿ ಇದೆ. ಅತ್ತೆ ಕಿತ್ತುಕೊಂಡವಳದೂ ಇದೆ. ಮಾತ್ರೆ ಕೊಟ್ಟರೆ ಏನಾಗುತ್ತೆ ಅಂತ ಕೇಳ್ತಿದ್ದೀವಿ ನಾವು. ಕೊಟ್ಟರೆ ಇದೂ ಆಗುತ್ತೆ. ನಿನ್ನ ಚೀಟಿ ಇರಲಿ."

ಹೆರಿಗೆಗೆ ಆಸ್ಪತ್ರೆಗೇ ಬರಬೇಕು, ಮನೆಯಲ್ಲಿ ಬೇಡ ಎಂದರು. ಉಳಿದ ವಾರಗಳಲ್ಲಿ ಮಾತ್ರೆ ತಾವೇ ಎದುರಿಗೆ ನಿಂತು ನುಂಗಿಸಿದರು. ಸರಾಸರಿಗೆ ಒಳ್ಳೆಯದಾದರೆ ನನಗೂ ಒಳ್ಳೆಯದಾಗುತ್ತದೆಯೇ ಎಂದು ಒಂದು ದಿನ ಕೇಳಿದೆ. ಸರಾಸರಿಗೆ ನೀನು ಯಾರೆಂದು ಗೊತ್ತಿಲ್ಲ, ನನಗೆ ಗೊತ್ತು, ನುಂಗು ಎಂದರು. ಆ ಎರಡು ತಿಂಗಳು ನಾನು ವರದಿಯ ಶುದ್ಧ ಪ್ರತಿ ಬರೆದೆ. ಒಂದು ಅಕ್ಷರ ಚಿತ್ತಾಗಲಿಲ್ಲ. ಸಂಜೆ ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆ ಎಳೆದು ನೋಡಿಕೊಳ್ಳುತ್ತಿದ್ದೆ. ಪೆಟ್ಟಿಗೆಯಲ್ಲಿ ಹಳೆಯ ಸೀರೆಗಳನ್ನು ಹರಿದು ಬಟ್ಟೆ ಮಡಚಿಡುವಾಗ ಹನ್ನೆರಡನೆಯದನ್ನು ಮಡಚಲು ಕೈ ಬರಲಿಲ್ಲ.

ನೋವು ಶುರುವಾದದ್ದು ಒಂದು ಬೆಳಗ್ಗೆ, ನೀರು ತುಂಬುವಾಗ. ಒಂಬತ್ತಕ್ಕೆ ಆಸ್ಪತ್ರೆ ಸೇರಿದೆ. ಮಧ್ಯಾಹ್ನ ಎರಡರ ಸುಮಾರಿಗೆ ಮಗು ಅತ್ತಿತು. ಹೆಣ್ಣು ಎಂದರು. ಆಮೇಲೆ ಕೋಣೆಯೊಳಗಿನ ಓಡಾಟದ ವೇಗ ಬದಲಾಯಿತು. ಡಾಕ್ಟರಮ್ಮನ ಮುಷ್ಟಿ ನನ್ನ ಹೊಟ್ಟೆಯ ಮೇಲೆ ಬಿತ್ತು, ಹಿಟ್ಟು ನಾದುವಂತೆ ಒತ್ತತೊಡಗಿತು. ಇಂಜೆಕ್ಷನ್ ಎಂದು ಯಾರೋ ಓಡಿದರು. ನರ್ಸ್ ಒಬ್ಬಳು ಬಟ್ಟೆ ತೆಗೆದುಕೊಂಡು ಬಾಗಿಲ ಕಡೆ ಹೋದಳು. ಒಂದು. ಮತ್ತೆ ಬಂದಳು, ಹೋದಳು. ಎರಡು. ಎಣಿಸಬಾರದೆಂದು ಕಣ್ಣು ಮುಚ್ಚಿದೆ. ಹೆಜ್ಜೆಯ ಸದ್ದಿನಲ್ಲೇ ಎಣಿಕೆ ನಡೆಯಿತು. ನಾಲ್ಕು. ಐದು. ಕಾಲುಗಳು ತಣ್ಣಗಾಗುತ್ತಾ ಬಂದವು. ಆರು ಎನ್ನುವ ಹೊತ್ತಿಗೆ ಡಾಕ್ಟರಮ್ಮ ಒತ್ತುತ್ತಲೇ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದರು:

"ಎಣಿಸಬೇಡ. ಮಗು ಕಡೆ ನೋಡು."

ನಾನು ಎಣಿಸುತ್ತಿದ್ದೇನೆಂದು ಅವರಿಗೆ ಹೇಗೆ ತಿಳಿಯಿತೋ. ತುಟಿ ಆಡುತ್ತಿತ್ತೋ ಏನೋ. ಮಗುವಿನ ಕಡೆ ತಿರುಗಿದೆ. ಎಂಟೋ ಒಂಬತ್ತೋ, ಎಣಿಕೆ ತಪ್ಪಿತು. ನಾನು ಎಣಿಕೆ ತಪ್ಪಿದ್ದು ಆ ಒಂದು ಸಲ. ರಕ್ತ ನಿಂತಿತು.

ಮೂರು ತಿಂಗಳು ಮನೆಯಲ್ಲಿ ಬಾಣಂತಿಯಾಗಿದ್ದೆ. ನೋಡಿಕೊಳ್ಳಲು ಗಂಡನ ಸೋದರತ್ತೆ ಬಂದಿದ್ದರು. ಮೊದಲ ವಾರಗಳಲ್ಲಿ ಕೂತಲ್ಲಿಂದ ಎದ್ದರೆ ಗೋಡೆ ತಿರುಗುತ್ತಿತ್ತು. ಕೆಲಸಕ್ಕೆ ಮರಳಿದಾಗ ಡಾಕ್ಟರಮ್ಮ ಮೂರನೆಯ ಸುತ್ತು ಶುರು ಮಾಡಿದ್ದರು. ಹೆರಿಗೆಯಾದ ಮೇಲಿನ ರಕ್ತ, ಬಿಳಿ ಚೀಟಿ. ಈ ಸಲ ಮೂರೂ ಚೀಟಿ ಒಂದೇ ದಾರದಲ್ಲಿ ಕಟ್ಟಬೇಕು, ತವರಿಗೆ ಹೋದವರನ್ನು ತವರಿನಲ್ಲೇ ಹುಡುಕಿ ಚುಚ್ಚಬೇಕು ಎಂದು ನಿಯಮವಾಗಿತ್ತು. ಹಳ್ಳಿಮೈಸೂರಿನ ಕಡೆಗೆ ನಾನೇ ಹೋಗುತ್ತೇನೆ ಎಂದೆ. ಆ ಕಡೆಯ ಕಟ್ಟಿನಲ್ಲಿ ಹುರುಳಿ ಕೇರುತ್ತಿದ್ದವಳ ನೀಲಿ ಚೀಟಿ ಬಂದಿತ್ತು. ಆದರೆ ಅವಳ ಹೆರಿಗೆಯ ವಿಷಯ ಯಾರೂ ಬರೆದಿರಲಿಲ್ಲ. ಬಸ್ಸಿನಿಂದ ಇಳಿದು ಕೊನೆಯ ಮನೆಯ ಜಗಲಿ ಕಾಣುವ ತನಕ ಯಾರನ್ನೂ ಏನೂ ಕೇಳದೆ ನಡೆದೆ.

ಅವಳು ಅಲ್ಲೇ ಇದ್ದಳು. ತೊಡೆಯ ಮೇಲೆ ಮಗುವನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಳು. ನನ್ನನ್ನು ನೋಡಿ ಅವಳ ಮುಖ ಗಾಬರಿಯಾಯಿತು.

"ಏನವ್ವಾ, ಇಂಗ್ ಬಿಳಿಚ್ಕಂಡಿದ್ದೀಯಾ? ನಾನೇ ವಾಸಿ. ದಿನಾ ನುಂಗ್ದೆ ಕಣವ್ವ, ನಿನ್ ಮಾತು ಕೇಳಿ."

ಜಗಲಿಯ ಮೇಲೆ ಕೂತು ಹೇಳಿದೆ. ನಾನು ಆಗ ನುಂಗುತ್ತಿರಲಿಲ್ಲ, ಹೆದರಿ ಹೂಳುತ್ತಿದ್ದೆ, ನಿನಗೆ ಸುಳ್ಳು ಹೇಳಿದೆ ಎಂದೆ. ಅವಳು ಎಣ್ಣೆಯ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ನನ್ನ ಜೊತೆ ಬಂದಿದ್ದ ನರ್ಸಮ್ಮ ಬೇರೆ ಕಡೆ ನೋಡಿದಳು.

"ನೀನೇ ಎದ್ರುಕೊಂಡು, ನಂಗೆ ನುಂಗು ಅಂದ್ಯಾ?" ಎಂದಳು. ಮಗುವನ್ನು ತಿರುಗಿಸಿ ಎದೆಗೆ ಹಚ್ಚಿಕೊಂಡಳು. "ನಿನ್ ಪಾಲಿಂದೂ ನಾನೇ ನುಂಗ್ದೆ ಅನ್ಕತೀನಿ ಬುಡು. ಈಗ ಮೊದ್ಲು ನೀನು ಕೊಡು ಬೆರಳ. ನಾ ನೋಡ್ಬೇಕು."

ಕೊಟ್ಟೆ. ನರ್ಸಮ್ಮ ಚುಚ್ಚಿ, ಮೊದಲ ತೊಟ್ಟು ಒರೆಸಿ, ಎರಡನೆಯದನ್ನು ನಳಿಕೆಗೆ ಬಿಟ್ಟಳು. ಮನೆಯಾಕೆ ಮಗುವನ್ನು ಎತ್ತಿಕೊಂಡೇ ಎದ್ದು ಬಂದು ನನ್ನ ಭುಜಕ್ಕೆ ತಾಗಿ ನಿಂತಳು. ನೀರಿನ ಮೊದಲ ಹನಿ ಬಿತ್ತು. ನಾನು ಎಣಿಸಲಿಲ್ಲ. ಅವಳೇ ಎಣಿಸಿದಳು, ಜೋರಾಗಿ, ಬೆರಳು ಮಡಚುತ್ತಾ. ಒಂದು ಕೈಯ ಬೆರಳುಗಳು ಮುಗಿದವು. ಬಣ್ಣ ಇನ್ನೂ ಹೊಂದಿರಲಿಲ್ಲ.

"ಇನ್ನೂ ಆಕು, ನರ್ಸಮ್ಮ," ಎಂದಳು. "ಇನ್ನೂ ಇಡೀತದೆ."